ವೀರಗಲ್ಲನ್ನು ಕೆಳಗಿನಿಂದ ಓದಬೇಕು

ಯುದ್ಧದ ಘೋರವನ್ನು ಕಂಡು ಚಿತ್ರಿಸಿದವರೆಂದರೆ ಸ್ಪೇನಿನ ಗೋಯಾ, ಜರ್ಮನಿಯ ಆಟ್ಟೊ ಡಿಕ್ಸ್ ನೆನಪಾಗುತ್ತಾರೆ. ನಮ್ಮ ವೀರಗಲ್ಲುಗಳನ್ನು ಆ ಸಾಲಿಗೆ ಯಾರೂ ಸೇರಿಸುವುದಿಲ್ಲ. ಅವು ಬರೀ ಶೌರ್ಯದ ಹೊಗಳಿಕೆ ಎಂದು ಬದಿಗಿಡುತ್ತೇವೆ. ಈ ಅಸಡ್ಡೆ ಸರಿಯಲ್ಲ ಎನ್ನಲು ಬೋರಿವಲಿಯ ಎಕ್ಸಾರ್‌ನ ಆರು ಕಲ್ಲುಗಳೇ ಸಾಕು. ಈಗ ಮುಂಬಯಿಯ ಉಪನಗರವಾಗಿರುವ ಈ ಊರು ಹಿಂದೆ ಠಾಣೆ ಜಿಲ್ಲೆಯಲ್ಲಿತ್ತು. ಠಾಣೆಯೋ ಉತ್ತರ ಕೊಂಕಣದ ಶಿಲಾಹಾರರ ರಾಜಧಾನಿ. ಒಂಬತ್ತನೆಯ ಶತಮಾನದಲ್ಲಿ ಅವರು ರಾಷ್ಟ್ರಕೂಟ ಅಮೋಘವರ್ಷನ ಸಾಮಂತರಾಗಿದ್ದರು. ಕಾನ್ಹೇರಿ ಗುಹೆಯ ಶಾಸನಗಳಲ್ಲಿ ಅದು ದಾಖಲಾಗಿದೆ. 1265ರ ಸುಮಾರಿಗೆ ಅವರನ್ನು ಅಳಿಸಿದವನು ದೇವಗಿರಿಯ ಸೇವುಣ ದೊರೆ ಮಹಾದೇವ. ಎಕ್ಸಾರ್‌ನ ಕಲ್ಲುಗಳಲ್ಲಿರುವುದು ಆಗಿನ ಕಡಲಕಾಳಗವೇ ಎನ್ನುತ್ತಾರೆ. ಆ ಸೇವುಣರು ಕನ್ನಡ ನಾಡಿನ ತುಂಬ ಕನ್ನಡ ಶಾಸನ ಹಾಕಿಸಿದವರು. ಹೀಗೆ ಈ ಕಾಳಗದ ಎರಡೂ ಪಕ್ಷಗಳಿಗೆ ನಮ್ಮ ಚರಿತ್ರೆಯ ನಂಟಿದೆ.

ಶಿಲಾಹಾರರ ಕೊನೆಯ ಅರಸ ಸೋಮೇಶ್ವರ ಸಮುದ್ರದಲ್ಲಿ ಮುಳುಗಿ ಸತ್ತ. ಮಹಾದೇವನ ಆಸ್ಥಾನದ ಹೇಮಾದ್ರಿ ಆ ಸಾವನ್ನೂ ತನ್ನ ದೊರೆಯ ಪ್ರಶಸ್ತಿಯಾಗಿಸಿದ: ಮಹಾದೇವನ ಕೋಪಾಗ್ನಿಗಿಂತ ಕಡಲೇ ಮೇಲೆಂದು ಸೋಮೇಶ್ವರ ನೀರಿಗಿಳಿದನಂತೆ. ಗೆದ್ದವರ ಆಸ್ಥಾನದಲ್ಲಿ ಸಾವು ಒಂದು ಅಲಂಕಾರವಾಯಿತು. ಎಕ್ಸಾರ್‌ನ ಶಿಲ್ಪಿ ಮಾಡಿದ್ದು ಬೇರೆಯದೇ ಕೆಲಸ. ಅವನ ಕಲ್ಲಿನ ಕೆಳಪಟ್ಟಿಯಲ್ಲಿ ಸಾಲುಹುಟ್ಟುಗಳ ಹಡಗುಗಳಿವೆ, ಅವುಗಳ ಮೇಲೆ ಕಿಕ್ಕಿರಿದ ಆಳುಗಳಿದ್ದಾರೆ. ಒಂದೆಡೆ ಹಲವು ಹಡಗುಗಳು ಒಂಟಿ ಹಡಗನ್ನು ಮುತ್ತಿವೆ, ಗಾಯಗೊಂಡವರು ಅದರಿಂದ ನೀರಿಗೆ ಉರುಳುತ್ತಿದ್ದಾರೆ. ಅವರು ಅರಸರಲ್ಲ, ಯಾವ ಪ್ರಶಸ್ತಿಯಲ್ಲೂ ಅವರ ಸುದ್ದಿಯಿಲ್ಲ. ಅವರ ಸಾವಿಗೆ ಸಾಕ್ಷಿ ಆ ಕಲ್ಲೊಂದೇ.

ಶಿಲ್ಪಿ ಅದನ್ನು ಕಣ್ಣಾರೆ ಕಂಡಿದ್ದನೇ ಎಂದು ಕೇಳಬಹುದು. ಕಲ್ಲುಗಳ ಬರಹ ಸವೆದಿದೆ. ಇವು ಸೋಮೇಶ್ವರನ ಕಾಳಗದವೆಂಬುದೂ ಇತಿಹಾಸಕಾರರ ಊಹೆಯೇ. ಆದರೆ ಸಂಪ್ರದಾಯವನ್ನಷ್ಟೇ ಅನುಸರಿಸುವ ಶಿಲ್ಪಿಗೆ ಕುದುರೆ, ಬಿಲ್ಲು, ತುರುಗಾಳಗ ಸಾಕಾಗುತ್ತಿತ್ತು, ಒಳನಾಡಿನ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಇರುವುದು ಅವೇ. ಹಡಗು ಹಡಗನ್ನು ಮುತ್ತುವ ಬಗೆ, ಜನ ಅಂಚಿನಿಂದ ಜಾರುವ ಬಗೆ ಆ ಮಾದರಿಯಲ್ಲಿ ಇಲ್ಲ. ತಾನು ಕಾಣದಿದ್ದರೂ ಕಂಡವರ ಬಾಯಿಂದ ಕೇಳಿಯೇ ಕಡೆದಿರಬೇಕು. ಗೋಯಾ ಕೂಡ ತಾನು ಕೊರೆದ ಎಲ್ಲ ಘಟನೆಗಳ ಸ್ಥಳದಲ್ಲಿ ಇರಲಿಲ್ಲ. ಆದರೂ ಅವನ ಸಾಕ್ಷ್ಯವನ್ನು ನಾವು ತಳ್ಳಿಹಾಕುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಮೇಲಿನ ಪಟ್ಟಿಗಳಲ್ಲಿ ಸುರಾಂಗನೆಯರು, ಶಿವಸನ್ನಿಧಿ ಬಂದು ಕೆಳಗಿನ ನೋವನ್ನು ಒರೆಸಿಬಿಡುತ್ತವೆ, ಇನ್ನಷ್ಟು ಹುಡುಗರನ್ನು ಸಾವಿಗೆ ಹುರಿದುಂಬಿಸುತ್ತವೆ ಎಂಬುದು. ಕಲ್ಲು ನಿಲ್ಲಿಸಿದವರ ಉದ್ದೇಶ ಅದೂ ಆಗಿದ್ದೀತು, ನಾನು ಅಲ್ಲಗಳೆಯುವುದಿಲ್ಲ. ಗೋಯಾನ ಯುದ್ಧಚಿತ್ರಗಳಲ್ಲಿ ಇಂಥ ಸ್ವರ್ಗವಿಲ್ಲ. ಆದರೆ ಅವು ಅಚ್ಚಾಗಿ ಹೊರಬಂದದ್ದು 1863ರಲ್ಲಿ, ಅವನು ತೀರಿ 35 ವರ್ಷಗಳಾದ ಮೇಲೆ. ನಮ್ಮ ಶಿಲ್ಪಿಗೆ ಆ ಏಕಾಂತವಿರಲಿಲ್ಲ. ಅವನ ಕೆಲಸ ಊರ ನಡುವೆ, ಸತ್ತವರ ಮನೆಮಂದಿಯ ಎದುರು ನಿಲ್ಲಬೇಕಿತ್ತು. ಅವರಿಗೆ ಸ್ವರ್ಗ ಬೇಕಿತ್ತು, ಕೊಟ್ಟ. ಅದರ ನೆಪದಲ್ಲಿ ಕೆಳಗಿನದನ್ನು ಮರೆಮಾಚಲಿಲ್ಲ. ಸ್ವರ್ಗ ಎಲ್ಲ ವೀರಗಲ್ಲುಗಳಿಗೂ ಹೆಚ್ಚುಕಡಿಮೆ ಒಂದೇ. ಮುಳುಗುವ ಆ ಜನ ಮಾತ್ರ ಈ ಕಡಲಿನವರು.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡ ಸಂಘಗಳು ರಾಜ್ಯೋತ್ಸವದ ದಿನ ಹಳೆಯ ಸಾಮ್ರಾಜ್ಯಗಳ ವೈಭವವನ್ನು ಮನಸಾರೆ ಹಾಡುತ್ತವೆ. ಈ ನವೆಂಬರಿನಲ್ಲಿ ಮಕ್ಕಳನ್ನು ಎಕ್ಸಾರ್‌ಗೂ ಕರೆದುಕೊಂಡು ಹೋಗಿ, ದಯವಿಟ್ಟು ಆ ಕಲ್ಲುಗಳನ್ನು ಕೆಳಗಿನ ಪಟ್ಟಿಯಿಂದ ತೋರಿಸಲು ಶುರುಮಾಡಿ.