ಆಟವೂ ಬೇಕು, ಪಾಠವೂ ಬೇಕು

“ಆಡುವವನಿಗೆ ಓದು ಹತ್ತದು” ಎಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಕಬಡ್ಡಿ ತಂಡದ ಹುಡುಗನನ್ನು ಚರ್ಚಾಸ್ಪರ್ಧೆಗೆ ಕರೆಯುವವರಿಲ್ಲ. ಪ್ರಬಂಧದಲ್ಲಿ ಬಹುಮಾನ ಪಡೆದ ಹುಡುಗಿಗೆ ಮೈದಾನದ ದಾರಿಯೇ ಮರೆತುಹೋಗುತ್ತದೆ. ಈ ಭೇದವು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಬೆಂಗಳೂರಿನ ಅನಿಲ್ ಕುಂಬ್ಳೆಯವರನ್ನು ನೋಡಿರಿ. 1990ರಲ್ಲಿ ಭಾರತದ ಪರವಾಗಿ ಮೊದಲ ಟೆಸ್ಟ್ ಆಡಿದಾಗ ಅವರಿಗೆ 19 ವರ್ಷ. ಇಂಜಿನಿಯರಿಂಗ್ ವ್ಯಾಸಂಗ ಇನ್ನೂ ಮುಗಿದಿರಲಿಲ್ಲ. ಆಟಕ್ಕಾಗಿ ಅವರು ಓದನ್ನು ತೊರೆಯಲಿಲ್ಲ, ಪದವಿ ಪಡೆದರು. 1999ರಲ್ಲಿ ದಿಲ್ಲಿಯಲ್ಲಿ ಪಾಕಿಸ್ತಾನದ ಒಂದು ಇನ್ನಿಂಗ್ಸಿನ ಹತ್ತು ವಿಕೆಟುಗಳನ್ನೂ ಕಿತ್ತವರು ಅವರೇ.

ಆದರೆ ಎಲ್ಲರೂ ಕುಂಬ್ಳೆಯಾಗಲಾರರು. ಈ ಮುಂಬಯಿಯಲ್ಲಿ ಜಾಗವೂ ಕಡಿಮೆ, ವೇಳೆಯೂ ಕಡಿಮೆ. ಕಂಡ ಸ್ಪರ್ಧೆಗೆಲ್ಲ ಹೆಸರು ಕೊಡುವುದು ಉತ್ಸಾಹವೇ ಹೊರತು ವಿವೇಕವಲ್ಲ. ಆದುದರಿಂದ ವರ್ಷಕ್ಕೆ ಒಂದು ಆಟ, ಒಂದು ವಿದ್ಯಾಸ್ಪರ್ಧೆಯನ್ನು ಆರಿಸಿಕೊಂಡು ಅವೆರಡನ್ನೂ ನಿಷ್ಠೆಯಿಂದ ಸಾಧಿಸೋಣ. ಹತ್ತನೆಯ ತರಗತಿಯವರು ದೀಪಾವಳಿಯ ತರುವಾಯ ಪಂದ್ಯಗಳನ್ನು ಬಿಡಲಿ. ಸಂಜೆಯ ಅರ್ಧ ಗಂಟೆಯ ಆಟವನ್ನು ಮಾತ್ರ ಬಿಡದಿರಲಿ. ಪಂದ್ಯವನ್ನೂ ಭಾಷಣಸ್ಪರ್ಧೆಯನ್ನೂ ಒಂದೇ ದಿನ ಇರಿಸಬಾರದೆಂದು ಗುರುಗಳಲ್ಲಿ ನಮ್ಮ ವಿನಂತಿ.

ಮಿತ್ರರೇ, ಸೋತು ಮತ್ತೆ ಎದ್ದು ನಿಲ್ಲುವುದನ್ನು ಮೈದಾನವು ಕಲಿಸುತ್ತದೆ. ಆ ಪಾಠವು ಪರೀಕ್ಷೆಯ ಕೊಠಡಿಯಲ್ಲಿಯೂ ಬೇಕಲ್ಲವೆ?