ಆರು ಗಂಟೆಗೆ ಒಲೆ ಆರಿಸಿ, ನೀವೂ ಬಂದು ಕೂಡ್ರಿ!

‘ಶನಿವಾರ ಸಂಜೆ ನಮ್ಮ ಮನೆಯವರ ಆಫೀಸಿನ ಮೂರು ಜೋಡಿ ಬರ್ತಾರೆ. ಊಟಕ್ಕಲ್ಲ, ಸುಮ್ನೆ ಹರಟೆಗೆ. ಈ ಸಲ ವೈನ್ ಇಡೋಣ ಅಂತಾರೆ ಇವರು. ನಾನು ಕೇಕ್ ಮಾಡ್ತೀನಿ. ವೈನ್‌ಗೆ ಯಾವ ಕೇಕ್ ಹೊಂದುತ್ತೆ, ಹಾಡು ಯಾವುದು ಹಚ್ಚಲಿ? ನಾನು ಮೊರಬದಲ್ಲಿ ಬೆಳೆದವಳು, ಇದೆಲ್ಲ ನಮಗೆ ರೂಢಿ ಇಲ್ಲ’ ಎಂದು ಹುಬ್ಬಳ್ಳಿಯ ಓದುಗರೊಬ್ಬರು ಕೇಳಿದ್ದಾರೆ.

ಪ್ರಶ್ನೆ ಚೆನ್ನಾಗಿದೆ. ಆದರೆ ಇದರಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಆ ಸಂಜೆ ನೀವು ಎಲ್ಲಿ ಕೂಡುತ್ತೀರಿ? ಮೂರು ಜೋಡಿಗೆ ಕುರ್ಚಿ ಎಣಿಸಿದ್ದೀರಿ, ನಿಮ್ಮದೊಂದು ಕುರ್ಚಿ ಹಾಕಿದ್ದೀರಾ?

ನಮ್ಮ ಕಡೆ ಸಂಜೆಯ ಸತ್ಕಾರ ಎಂದರೆ ಮಿರ್ಚಿ ಭಜಿ, ಗಿರ್ಮಿಟ್, ಮೇಲೆ ಚಹಾ. ಅದರ ರುಚಿಗೆ ಸಾಟಿ ಇಲ್ಲ, ಒಪ್ಪೋಣ. ಆದರೆ ಭಜಿ ಬಿಸಿ ಇರಬೇಕು. ಬಿಸಿ ಇರಬೇಕೆಂದರೆ ಬಾಣಲೆ ಮುಂದೆ ಒಬ್ಬರು ನಿಂತಿರಬೇಕು. ಆ ಒಬ್ಬರು ಯಾರು ಅಂತ ಬೇರೆ ಹೇಳಬೇಕೇನ್ರಿ? ಒಂದು ಸುತ್ತು ಕರಿದು ಕಳಿಸುವಷ್ಟರಲ್ಲಿ ಒಳಗಿಂದ ‘ಇನ್ನೊಂದು ಸ್ವಲ್ಪ ಚಹಾ’ ಎಂಬ ಕೂಗು. ಹೊರಗೆ ಹಾಡು ಮುಗಿದಿರುತ್ತದೆ, ನಗು ಮುಗಿದಿರುತ್ತದೆ, ನಿಮಗೆ ಕೇಳಿದ್ದು ಎಣ್ಣೆಯ ಚುರ್ ಸದ್ದು ಮಾತ್ರ!

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಸಂಜೆಗೆ ಏನು ಹೊಂದುತ್ತದೆ ಎಂದು ನೋಡುವಾಗ, ಆರು ಗಂಟೆಯ ನಂತರ ನಿಮ್ಮನ್ನು ಕರೆಯದ ತಿಂಡಿ, ನಿಮ್ಮನ್ನು ಕರೆಯದ ಪಾನೀಯ ಯಾವುದು ಎಂದು ಮೊದಲು ನೋಡಿ. ಬೇಕಿಂಗ್‌ನ ದೊಡ್ಡ ಗುಣ ಇದೇ. ಅದನ್ನು ಹಿಂದಿನ ದಿನವೇ ಮಾಡಿಟ್ಟು ಕೈ ತೊಳೆದುಕೊಳ್ಳಬಹುದು.

ಮೊರಬದವರು ನೀವು, ಕೇಕಿಗೆ ಮೈದಾ ಹುಡುಕಬೇಡಿ. ನವಲಗುಂದ, ಅಣ್ಣಿಗೇರಿ ಕಡೆಯ ಎರೆಭೂಮಿಯಲ್ಲಿ ಹಿಂಗಾರಿಗೆ ಕಡಲೆ, ಬಿಳಿಜೋಳದ ಜೊತೆ ಗೋಧಿಯನ್ನೂ ಬೆಳೆಯುತ್ತಾರಲ್ಲ. ಗೋಧಿಯ ಬನ್ಸಿ ರವೆ ಒಂದು ಬಟ್ಟಲು ತೆಗೆದುಕೊಳ್ಳಿ. ದಪ್ಪ ಇದ್ದರೆ ಮಿಕ್ಸಿಯಲ್ಲಿ ಒಮ್ಮೆ ತಿರುಗಿಸಿ. ಒಂದು ಬಟ್ಟಲು ಮೊಸರು, ಮುಕ್ಕಾಲು ಬಟ್ಟಲು ಬೆಲ್ಲದ ಪುಡಿ, ಕಾಲು ಬಟ್ಟಲು ಎಣ್ಣೆ, ಏಲಕ್ಕಿ ಸೇರಿಸಿ ಅರ್ಧ ತಾಸು ನೆನೆಯಲು ಬಿಡಿ. ರವೆ ಉಬ್ಬಿ ಗಟ್ಟಿಯಾಗುತ್ತದೆ, ಆಗ ಸ್ವಲ್ಪ ಹಾಲು ಹಾಕಿ ಇಡ್ಲಿ ಹಿಟ್ಟಿನ ಹದಕ್ಕೆ ತನ್ನಿ. ಒಂದು ಟೀ ಚಮಚ ಬೇಕಿಂಗ್ ಪೌಡರ್, ಒಂದು ಚಿಟಿಕೆ ಸೋಡಾ ಕೊನೆಗೆ ಹಾಕಬೇಕು. ಮೊದಲೇ ಹಾಕಿದರೆ ಮೊಸರಿನ ಹುಳಿ ಸೇರಿ ಗುಳ್ಳೆಯೆಲ್ಲ ಹೊರಗೇ ಹೋಗಿ ಕೇಕ್ ಚಪ್ಪಟೆ ಕೂಡುತ್ತದೆ.

ಓವನ್ ಇದ್ದರೆ 180 ಡಿಗ್ರಿಯಲ್ಲಿ 35-40 ನಿಮಿಷ. ಇಲ್ಲದಿದ್ದರೂ ಚಿಂತೆ ಬೇಡ. ಹಳೆಯ ದಪ್ಪ ತಳದ ಪಾತ್ರೆಗೆ ಎರಡು ಹಿಡಿ ಉಪ್ಪು ಹರಡಿ, ಒಳಗೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಳ ಮುಚ್ಚಿ ಹತ್ತು ನಿಮಿಷ ಕಾಯಿಸಿ. ಆಮೇಲೆ ಕೇಕಿನ ಡಬ್ಬಿ ಇಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ತಾಸು ಬಿಡಿ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಬಾರದು. ಈ ಕೇಕ್ ಮರುದಿನಕ್ಕೆ ಇನ್ನೂ ರುಚಿ, ಬೆಲ್ಲ ಒಳಗಿಳಿದು ಮೆತ್ತಗಾಗಿರುತ್ತದೆ. ಸಿಹಿಯ ಜೊತೆ ಕಟುಂ ಅನ್ನುವ ಖಾರವೂ ಬೇಕಲ್ಲ, ಖಾರಾ ಬಿಸ್ಕಿಟ್ ಇಡಿ. ಅದನ್ನು ಮಾತ್ರ ಬೇಕರಿಯಿಂದಲೇ ತನ್ನಿ. ಎಲ್ಲವನ್ನೂ ಮನೆಯಲ್ಲೇ ಮಾಡಿದೆ ಅನ್ನಿಸಿಕೊಳ್ಳುವ ಹಟ ನಮಗ್ಯಾಕ್ರಿ?

ಇನ್ನು ವೈನ್. ಇಲ್ಲಿ ಸ್ವಲ್ಪ ನಿಂತು ಮಾತಾಡೋಣ.

2007 ಒಂದು ವಿಚಿತ್ರ ವರ್ಷ. ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅದೇ ವರ್ಷ ದ್ರಾಕ್ಷಿ ಬೆಳೆಗಾರರಿಗೆ ಅನುಕೂಲವಾಗಲೆಂದು ಸರ್ಕಾರ ವೈನ್ ನೀತಿಯನ್ನೂ ತಂದಿತು. ಸಾರಾಯಿ ಬಡವರ ಓಣಿಯದು, ವೈನ್ ಡ್ರಾಯಿಂಗ್ ರೂಮಿನದು ಎಂಬ ಭಾವನೆ ಆಮೇಲೆ ಗಟ್ಟಿಯಾಗುತ್ತಲೇ ಬಂತು. ಆದರೆ ಕುಡಿತದಿಂದ ಮನೆ ಮುರಿದದ್ದನ್ನು ಕಂಡ ಹೆಣ್ಣುಮಕ್ಕಳು ನಮ್ಮ ಸೀಮೆಯಲ್ಲಿ ಕಡಿಮೆ ಇಲ್ಲ. 2019ರ ಜನವರಿಯಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳುತ್ತಾ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಕೊಂಡೇ ಹೋದರು. ಹಾಗಿರುವಾಗ ‘ವೈನ್ ಇಡದಿದ್ದರೆ ನಾವು ಹಳ್ಳಿಯವರು ಅಂದುಕೊಳ್ತಾರೆ’ ಎಂದು ಮುಜುಗರಪಡುವುದು ಬೇಡ. ನಿಮಗೆ ಮನಸ್ಸಿಲ್ಲದಿದ್ದರೆ ಶುಕ್ರವಾರವೇ ಹೇಳಿಬಿಡಿ, ಅತಿಥಿಗಳ ಎದುರು ಮುಖ ಸಣ್ಣ ಮಾಡಿಕೊಳ್ಳುವುದಕ್ಕಿಂತ ಅದು ಒಳ್ಳೆಯದು. ವೈನ್ ಹೃದಯಕ್ಕೆ ಒಳ್ಳೆಯದಂತೆ ಎಂಬ ಮಾತಿಗೂ ಮರುಳಾಗಬೇಡಿ. ಮದ್ಯದಲ್ಲಿ ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಅಳತೆಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಇಬ್ಬರಿಗೂ ಒಪ್ಪಿಗೆ ಇದ್ದರೆ ಇಡಿ, ನನ್ನ ತಕರಾರಿಲ್ಲ. ಆಗ ಒಂದೆರಡು ವಿಷಯ ತಿಳಿದಿರಲಿ. ವೈನ್‌ಗಿಂತ ಕೇಕ್ ಹೆಚ್ಚು ಸಿಹಿ ಇದ್ದರೆ ವೈನ್ ಬರೀ ಹುಳಿ ಅನ್ನಿಸುತ್ತದೆ. ಆದ್ದರಿಂದ ಬೆಲ್ಲದ ಕೇಕಿಗೆ ಸಿಹಿ ವೈನೇ ಸರಿ. ಖಾರಾ ಬಿಸ್ಕಿಟ್ ಜೊತೆ ಒಗರಿನ ಕೆಂಪು ವೈನ್ ಬೇಡ, ನಾಲಿಗೆ ಇನ್ನೂ ಉರಿಯುತ್ತದೆ. ತುಸು ಸಿಹಿ ಇರುವ ಬಿಳಿ ವೈನ್ ಖಾರವನ್ನು ತಣಿಸುತ್ತದೆ. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕೊಡಬೇಕು ಎನ್ನುವುದು ಯೂರೋಪಿನ ತಂಪು ಕೋಣೆಗಳ ಲೆಕ್ಕ. ನಮ್ಮ ಏಪ್ರಿಲ್ ಸೆಕೆಯಲ್ಲಿ ಅದನ್ನೂ ಅರ್ಧ ತಾಸು ಫ್ರಿಜ್‌ನಲ್ಲಿಡಿ. ಗಾಡಿ ಓಡಿಸಿಕೊಂಡು ಹೋಗುವವರಿಗೆ, ಬಸುರಿಯರಿಗೆ, ಗುಳಿಗೆ ನುಂಗುತ್ತಿರುವವರಿಗೆ ಒತ್ತಾಯ ಮಾಡಲೇಬಾರದು. ಅವರಿಗೆಂದು ಕೋಕಂ ಶರಬತ್ತು ಅಥವಾ ಕರಿದ್ರಾಕ್ಷಿ ರಸವನ್ನು ಅಂಥದೇ ಗ್ಲಾಸಿನಲ್ಲಿ ಕೊಡಿ. ವೈನ್ ಇಲ್ಲದ ಮನೆಯಲ್ಲೂ ಇವೇ ಸಾಕು. ಬೆಲ್ಲದ ಕೇಕಿಗೆ ಕೋಕಂನ ಹುಳಿ ಎಷ್ಟು ಚೆಂದ ಒಪ್ಪುತ್ತದೆ ಎಂದು ಒಮ್ಮೆ ನೋಡಿ. ಇವಕ್ಕೂ ಚಹಾದಂತೆ ಮತ್ತೆ ಮತ್ತೆ ಒಲೆ ಹಚ್ಚುವ ಕೆಲಸವಿಲ್ಲ.

ಹಾಡಿನ ಬಗ್ಗೆ ಧಾರವಾಡ ಜಿಲ್ಲೆಯವರು ಇನ್ನೊಬ್ಬರನ್ನು ಕೇಳಬೇಕೇ! ಮೊರಬ ಇರುವ ಜಿಲ್ಲೆಯಲ್ಲೇ ಕುಂದಗೋಳವೂ ಇದೆ. ಅಲ್ಲಿಯ ಸವಾಯಿ ಗಂಧರ್ವರ ಬಳಿ ಕಲಿತವರೇ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಚಿಕ್ಕವರಿದ್ದಾಗ ಧಾರವಾಡದ ಬೀದಿಯಲ್ಲಿ ಗ್ರಾಮೊಫೋನ್ ಕೇಳಿಸಿದರೆ ನಿಂತುಬಿಡುತ್ತಿದ್ದರಂತೆ. ಸಂಸಾರದ ಭಾರ ಹೊತ್ತೇ ಹಾಡಿದ ಆ ತಾಯಿಯ ದನಿಯನ್ನು ನಾವು ಅಡುಗೆಮನೆಯಿಂದ ಅರ್ಧಂಬರ್ಧ ಕೇಳುವುದು ಸರಿಯೇ?

ಜನ ಬರುವ ಹೊತ್ತಿಗೆ ವಾದ್ಯ ಸಂಗೀತ ಇರಲಿ. ಧಾರವಾಡದ ಉಸ್ತಾದ್ ಬಾಲೇಖಾನರ ಸಿತಾರ್ ಸಣ್ಣಗೆ ನುಡಿಯುತ್ತಿದ್ದರೆ ಮಾತಿಗೆ ಅಡ್ಡಿಯಾಗುವುದಿಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಮಾರವಾ ಅಥವಾ ಪೂರಿಯಾ ಧನಾಶ್ರೀ, ದೀಪ ಹಚ್ಚಿದ ಮೇಲೆ ಯಮನ್. ರಾಗಗಳ ಹೊತ್ತನ್ನು ಹಿರಿಯರು ಸುಮ್ಮನೆ ಗೊತ್ತು ಮಾಡಿಲ್ಲ, ಆ ಬೆಳಕಿಗೂ ಆ ಸ್ವರಕ್ಕೂ ಏನೋ ನಂಟಿದೆ. ಆದರೆ ದೊಡ್ಡವರ ಖ್ಯಾಲನ್ನು ಹರಟೆಯ ಹಿಂದೆ ಹಚ್ಚಬೇಡಿ. ಮಲ್ಲಿಕಾರ್ಜುನ ಮನ್ಸೂರರು ಹಾಡುತ್ತಿರುವಾಗ ಪ್ರಮೋಶನ್ ವಿಷಯ ಮಾತಾಡುವುದೆಂದರೆ... ನನಗಂತೂ ಕಸಿವಿಸಿ. ಕೇಕ್, ಗ್ಲಾಸು ಎಲ್ಲ ಮೇಜಿನ ಮೇಲೆ ಇಟ್ಟಾದ ಮೇಲೆ ‘ಇನ್ನೊಂದು ಇಪ್ಪತ್ತು ನಿಮಿಷ ಯಾರೂ ಏಳೋ ಹಂಗಿಲ್ಲ, ನಾನೂ ಏಳೂದಿಲ್ಲ’ ಎಂದು ನಗುತ್ತಲೇ ಹೇಳಿ ಒಂದೇ ಒಂದು ಖ್ಯಾಲ್ ಹಚ್ಚಿ. ಎಲ್ಲರಿಗೂ ಶಾಸ್ತ್ರೀಯ ರುಚಿಸದಿದ್ದರೆ ಭೀಮಸೇನರ ದಾಸರ ಪದಗಳಿವೆಯಲ್ಲ, ಅತ್ತೆಯವರೂ ಹೊರಗೆ ಬಂದು ಕೂಡುತ್ತಾರೆ. ಅವರು ಬಂದು ಕೂತಾಗ ಮೇಜಿನ ಮೇಲೆ ಬಾಟಲಿ ಇರಬೇಕೋ ಬೇಡವೋ ಎನ್ನುವುದನ್ನೂ ಶುಕ್ರವಾರವೇ ಯೋಚಿಸಿಡಿ.

ಖ್ಯಾಲ್ ನಡುವೆ ಯಾರಾದರೂ ನೀರು ಕೇಳಿದರೆ? ಮೊದಲೇ ತುಂಬಿಸಿಟ್ಟ ಜಗ್ ಮೇಜಿನ ಮೇಲಿರಲಿ, ಯಜಮಾನರು ಎದ್ದು ಕೊಡಲಿ. ತಟ್ಟೆಗಳನ್ನು ಆ ರಾತ್ರಿ ಸಿಂಕಿನಲ್ಲಿ ನೀರು ಬಿಟ್ಟು ಇಟ್ಟರೆ ಸಾಕು. ಉಳಿದ ವೈನ್ ಬಾಟಲಿಗೆ ಬಿರಡೆ ಬಿಗಿದು ಫ್ರಿಜ್‌ನಲ್ಲಿಟ್ಟರೆ ಮೂರು ದಿನ ತಡೆಯುತ್ತದೆ. ಆಮೇಲೆ ರುಚಿ ಕೆಡುತ್ತದೆ, ಚೆಲ್ಲಿಬಿಡಿ. ಕೇಕ್ ಉಳಿದರೆ ಸೋಮವಾರ ಮಕ್ಕಳ ಡಬ್ಬಿಗಾಯಿತು.