ಒಂದು ಕೊಕ್ಕೆ ಮುರಿದರೆ ಇಡೀ ಕನ್ನಡಿಯೇಕೆ?

ಘಟ್ಟದ ರಸ್ತೆಗಳಲ್ಲಿ ಕಾರಿನ ಪಕ್ಕಗನ್ನಡಿಗೆ ಆಯುಷ್ಯ ಕಡಿಮೆ. ಆಗುಂಬೆಯ ತಿರುವಿನಲ್ಲಿ ಎದುರಿನ ಬಸ್ಸಿಗೆ ದಾರಿ ಬಿಡುವಾಗ ಅದು ಧರೆಗೆ ತಾಗೀತು. ಮಳೆಗಾಲದಲ್ಲಿ ಬಾಗಿದ ಬಿದಿರ ಗಳ ಬಡಿದೀತು. ಅನೇಕ ಸಲ ಒಡೆಯುವುದು ಗಾಜಲ್ಲ, ಅದರ ಬೆನ್ನಿನ ಪ್ಲಾಸ್ಟಿಕ್ ಕವಚ; ಕವಚದಲ್ಲಿಯೂ ಅದನ್ನು ಹಿಡಿದಿಡುವ ಉಗುರಿನಷ್ಟು ಕೊಕ್ಕೆ.

ಇಷ್ಟಕ್ಕೇ ಪೇಟೆಯ ಸರ್ವಿಸ್ ಕೇಂದ್ರದಲ್ಲಿ ದೊರೆಯುವ ಸಾಮಾನ್ಯ ಉತ್ತರ: ಹೊಸದು ಹಾಕಿಸಿ. ಕವಚ ಬಿಡಿಯಾಗಿ ಬರುವುದಿಲ್ಲವೆಂದು ಗಾಜು, ಮೋಟಾರು, ತಂತಿಸಹಿತ ಇಡೀ ಕನ್ನಡಿಯನ್ನೇ ಮಾರುವುದೂ ಉಂಟು. ಇದು ಸೇವೆಯಾದರೆ, ಒಂದು ಕಡ್ಡಿ ಮುರಿದ ಕೊಡೆಯನ್ನು ತಿಪ್ಪೆಗೆ ಎಸೆಯಿಸುವವನನ್ನೂ ಕೊಡೆ ರಿಪೇರಿಯವನೆಂದು ಕರೆಯಬೇಕಾದೀತು!

ಈ ಕವಚ ಸಾಮಾನ್ಯವಾಗಿ ಪೆಟ್ರೋಲಿಯಂ ಮೂಲದ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್. ಒಳಮೈಯಲ್ಲಿ ಹೆಸರನ್ನು ಅಚ್ಚೊತ್ತಿರುವುದುಂಟು. ಎಬಿಎಸ್ ಅಸಿಟೋನಿನಲ್ಲಿ ಕರಗುತ್ತದೆ. ಅದೇ ಜಾತಿಯ ಚೂರುಗಳನ್ನು ಗಾಜಿನ ಕುಪ್ಪಿಯಲ್ಲಿ ಅಸಿಟೋನಿನೊಡನೆ ನೆನೆಯಿಟ್ಟರೆ ದೋಸೆಹಿಟ್ಟಿನ ಹದದ ಅಂಟು ಸಿದ್ಧ. ಬಿರುಕಿನ ಒಳಬದಿಗೆ ಹಚ್ಚಿ ಒಂದು ದಿನ ಒಣಗಲು ಬಿಟ್ಟರೆ ತುಂಡುಗಳು ಬೆಸೆದುಕೊಳ್ಳುತ್ತವೆ. ಕೊಕ್ಕೆಗೆ ಮಾತ್ರ ಅಂಟೊಂದೇ ಸಾಲದು. ಪೂರ್ತಿ ಒಣಗಿದ ಬಳಿಕ, ಬೆಸುಗೆ ಕಡ್ಡಿಯಿಂದ ಕಾಯಿಸಿದ ಸಣ್ಣ ತಂತಿಯನ್ನು ಅದರ ಬುಡದಲ್ಲಿ ಅಡ್ಡಲಾಗಿ ಹುದುಗಿಸಬೇಕು. ಅಸಿಟೋನ್ ಥಟ್ಟನೆ ಹೊತ್ತಿಕೊಳ್ಳುವ ದ್ರವ; ಅಂಟಿನ ಕೆಲಸ ಗಾಳಿಯಾಡುವ ಜಗಲಿಯಲ್ಲಿ ನಡೆಯಲಿ, ಒಲೆಯ ಬಳಿ ಬೇಡ. ಕವಚ ಪಾಲಿಪ್ರೊಪಿಲೀನಿನದಾದರೆ ಈ ಅಂಟು ನಿರುಪಯುಕ್ತ, ಅದಕ್ಕೆ ಶಾಖದ ಬೆಸುಗೆಯೇ ಗತಿ. ಅನೇಕ ಕಾರುಗಳಲ್ಲಿ ಮೊದಲು ಗಾಜನ್ನು ಬಿಡಿಸಿದ ಮೇಲಷ್ಟೇ ಕೊಕ್ಕೆಗಳು ಕೈಗೆ ಸಿಗುತ್ತವೆ. ಮರಳಿ ಕೂರಿಸುವಾಗ ತಂತಿ ಸಿಕ್ಕಿಕೊಳ್ಳದಂತೆ ನೋಡಿಕೊಂಡು, ಪ್ರತಿ ಕೊಕ್ಕೆಯೂ ‘ಟಕ್’ ಎನ್ನುವವರೆಗೆ ಒತ್ತಬೇಕು.

ಹೊಸ ಕವಚವೇ ಅಗ್ಗವೆಂಬ ವಾದವಿದೆ. ಯಾರ ಲೆಕ್ಕದಲ್ಲಿ? ಬಿಲ್ಲಿನಲ್ಲಿ ಹಳೆಯದರ ಅಂತ್ಯಸಂಸ್ಕಾರದ ಖರ್ಚು ಇರುವುದಿಲ್ಲ. ಕಸದ ಗಾಡಿ ಬಾರದ ಊರುಗಳಲ್ಲಿ ಅದು ಹಳ್ಳಕ್ಕೆ ಬೀಳುತ್ತದೆ, ಇಲ್ಲವೇ ಬೆಂಕಿಗೆ. ಎಬಿಎಸ್ ಉರಿದಾಗ ಹೊರಡುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಮಾತ್ರವಲ್ಲ, ಹೈಡ್ರೋಜನ್ ಸಯನೈಡ್ ಕೂಡ ಇರುತ್ತದೆ. ಆ ಹೊಗೆಯನ್ನು ಕುಡಿಯುವವರು ಕಾರಿನ ಒಡೆಯರೇ ಆಗಿರಬೇಕೆಂದಿಲ್ಲ.

ಬಿಡಿಭಾಗಗಳ ಮೇಲಿನ ಈ ಬಿಗಿಹಿಡಿತ ಕೇವಲ ಗೊಣಗಾಟದ ವಿಷಯವಲ್ಲ. ಸ್ವತಂತ್ರ ಗ್ಯಾರೇಜುಗಳಿಗೆ ಬಿಡಿಭಾಗ, ಉಪಕರಣ, ತಾಂತ್ರಿಕ ಮಾಹಿತಿ ದೊರೆಯದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಹೆಚ್ಚಿನ ದಂಡ ವಿಧಿಸಿತು. ಅದರ ವಿರುದ್ಧ ಮೇಲ್ಮನವಿಗಳಾದವು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ‘ದುರಸ್ತಿಯ ಹಕ್ಕಿ’ಗಾಗಿ ಸಮಿತಿ ರಚಿಸಿ, ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿತು, ಅದೇ ಡಿಸೆಂಬರಿನಲ್ಲಿ ಜಾಲತಾಣವೂ ತೆರೆಯಿತು. ಜಾಲತಾಣ ಕೊಕ್ಕೆ ಕೊಡುವುದಿಲ್ಲ. ಕವಚವನ್ನೂ ಕೊಕ್ಕೆಯನ್ನೂ ಬೆಲೆ ನಮೂದಿಸಿ ಬಿಡಿಯಾಗಿ, ಊರಿನ ಗ್ಯಾರೇಜಿಗೂ ಮಾರಬೇಕೆಂಬ ಕಡ್ಡಾಯ ಬೇಕು.

ಗಾಜು ಸೀಳಿದ್ದರೆ, ಕನ್ನಡಿಯ ಬುಡವೇ ಸಡಿಲವಾಗಿದ್ದರೆ ಬದಲಿಸಲೇಬೇಕು. ಘಟ್ಟದಲ್ಲಿ ಹಿಂದಿನ ಲಾರಿ ಕಾಣದಿದ್ದರೆ ಜೀವಕ್ಕೆ ಅಪಾಯ. ಆಗಲೂ ಹಳೆಯ ಕವಚವನ್ನು ಎಸೆಯತಕ್ಕದ್ದಲ್ಲ. ಮುಂದೆ ಬರುವ ಕಾರಿನ ಬಿರುಕಿಗೆ ಕುಪ್ಪಿಯಲ್ಲಿ ಕರಗಬೇಕಾದ ಚೂರು ಅದರಲ್ಲಿಯೇ ಇದೆ.